ಕಾಲಂ ಒಂಬತ್ತರಲ್ಲಿ ಯಾರ ಹೆಸರು?

ನಮ್ಮ ಟೀಮಿನಲ್ಲಿ ಎರಡು-ಮೂರು ವರ್ಷಕ್ಕೊಮ್ಮೆ ಊರ ಜಾತ್ರೆ ಥರ ಒಂದು ಬರುತ್ತೆ. ಅದರ ಹೆಸರು ‘ರೀರೈಟ್’. ಇರೋ ಫ್ರೇಮ್‌ವರ್ಕ್ ಹಳೇದಾಯ್ತು, ಹೊಸದರಲ್ಲಿ ಎಲ್ಲ ಮತ್ತೆ ಬರೆಯೋಣ ಅನ್ನೋದು ಅದರ ಸಾರಾಂಶ. ಈ ಸಲ ಜಾತ್ರೆ ಶುರುವಾದ ದಿನ ಮಧ್ಯಾಹ್ನ ಊಟದ ಹೊತ್ತಿಗೇ ಜಗಳ ಹತ್ತಿತು. ಕೆಲಸಕ್ಕೆ ಸೇರಿ ವರ್ಷ ತುಂಬಿರದ ಹುಡುಗನೊಬ್ಬ, “ಸರ್, ಈ ಟೇಬಲ್ಲು, ಫಾರಿನ್ ಕೀ, ಜಾಯಿನ್ ಎಲ್ಲ ನಿಮ್ಮ ಕಾಲದ್ದು. ಎಲ್ಲಾನೂ ಜೇಸನ್ ಮಾಡಿ ಒಂದೇ ಕಡೆ ತುಂಬಿಬಿಟ್ರೆ ಆಯ್ತಲ್ವಾ?” ಅಂದ. ನನಗೆ ಮೂವತ್ತಾರು ವರ್ಷ. ‘ನಿಮ್ಮ ಕಾಲ’ ಅಂತ ಅನ್ನಿಸಿಕೊಂಡಿದ್ದು ಅದೇ ಮೊದಲು.

ಅವನಿಗೆ ಆಗ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಮಾನ್ಯತಾದಿಂದ ಹೊರಟು, ಹೆಬ್ಬಾಳ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ನಿಂತು, ಯಲಹಂಕ ನ್ಯೂ ಟೌನಿನ ಮನೆಗೆ ಬಂದರೆ ಊರಿಂದ ಅಪ್ಪ ಬಂದು ಕೂತಿದ್ರು. ಪಕ್ಕದಲ್ಲಿ ಬಟ್ಟೆ ಅಂಗಡಿಯ ಚೀಲ. ಅದರೊಳಗೆ ಪಹಣಿಗಳು.

“ಪಹಣಿಗೆ ಆಧಾರ್ ಜೋಡಿಸ್ಬೇಕಂತೆ ಕಣಪ್ಪ. ಯಾರ ಹೆಸ್ರಲ್ಲಿದ್ಯೋ ಅವ್ರ ಆಧಾರ್ ತಗೊಂಬಾ ಅಂದ್ರು. ನಿಮ್ಮ ತಾತನ ಆಧಾರ್ ಎಲ್ಲಿಂದ ತರ್ಲಿ?”

ಲ್ಯಾಪ್‌ಟಾಪ್ ತೆಗೆದು ನೋಡಿದೆ. ತುಮಕೂರು ಜಿಲ್ಲೆಯ ನಮ್ಮ ಊರು, ಎರಡು ಸರ್ವೆ ನಂಬರು. ಎರಡರಲ್ಲೂ ಒಂಬತ್ತನೇ ಕಾಲಂನಲ್ಲಿ ತಾತನ ಹೆಸರು, ‘ಬಿನ್’ ಅಂತ ಹಾಕಿ ಮುತ್ತಾತನ ಹೆಸರು. ತಾತ ತೀರಿಕೊಂಡಿದ್ದು 2006ರಲ್ಲಿ, ನಾನು ಪಿಯುಸಿ ಓದುವಾಗ. ಆಧಾರ್ ಅನ್ನೋದು ದೇಶದಲ್ಲಿ ಶುರುವಾಗಿದ್ದೇ 2010ರಲ್ಲಿ. ಸತ್ತು ನಾಲ್ಕು ವರ್ಷದ ಮೇಲೆ ಹುಟ್ಟಿದ ನಂಬರನ್ನ ತಾತ ಹೇಗೆ ತಾನೆ ಇಟ್ಟುಕೊಂಡಿರ್ತಾರೆ?

ಆ ರಾತ್ರಿ ಪಹಣಿ ನೋಡ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಪಹಣಿ ತೋರಿಸೋ ವೆಬ್ ಪುಟವನ್ನ ನಾನು ಕಾಲೇಜು ದಿನಗಳಿಂದ ನೋಡ್ತಿದ್ದೀನಿ. ಅದರ ಬಣ್ಣ, ಬಟನ್ನು, ಮೆನು ಎಲ್ಲ ಬದಲಾಗಿವೆ. ಪಹಣಿಯ ಕಾಲಂಗಳು ಮಾತ್ರ ಚೀಲದಲ್ಲಿದ್ದ ಹಳೇ ಕೈಬರಹದ ಪಹಣಿಯಲ್ಲಿ ಎಲ್ಲಿದ್ದವೋ ಅಲ್ಲೇ ಇವೆ. ಒಂಬತ್ತರಲ್ಲಿ ಸ್ವಾಧೀನದಾರ, ಹತ್ತರಲ್ಲಿ ಸ್ವಾಧೀನಕ್ಕೆ ಬಂದ ರೀತಿ, ಹನ್ನೊಂದರಲ್ಲಿ ಇತರೆ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿದಾರ ಮತ್ತು ಬೆಳೆ. ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಈ ಹಾಳೆಯಲ್ಲೇ ಇತ್ತು. ಆದರೆ ಅದು ಸ್ವಲ್ಪ ಹಿಂದಿನಿಂದ ಹೇಳಬೇಕಾದ ಕಥೆ.

*

ಸರ್ವೆ ನಂಬರ್‌ನಿಂದ ಶುರು ಮಾಡೋಣ. ಮುಂಬೈ ಪ್ರಾಂತ್ಯದಲ್ಲಿ, ಪುಣೆ ಹತ್ತಿರದ ಇಂದಾಪುರದಲ್ಲಿ, 1835ರ ಸುಮಾರಿಗೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನೋ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಹೊಲ ಹೊಲವನ್ನೂ ಬೇರೆ ಬೇರೆಯಾಗಿ ಅಳೆದು ಕಂದಾಯ ಕಟ್ಟುವ ಪದ್ಧತಿ ತಂದರು. ಅದರ ನಿಯಮಗಳು 1847ರ ವರದಿಯಲ್ಲಿ ಗಟ್ಟಿಯಾದವು. ಧಾರವಾಡದ ಕಡೆ ಅದೇ ಪದ್ಧತಿ ಬಂತು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದಾಗ, 1863ರಲ್ಲಿ, ನಮ್ಮ ಕಡೆಯೂ ಸರ್ವೆ ಶುರುವಾಯಿತು. ರೈತನ ಮೇಲಿನ ಪ್ರೀತಿಗೆ ಮಾಡಿದ ಕೆಲಸವೇನಲ್ಲ ಅದು, ಕಂದಾಯ ಸರಿಯಾಗಿ ಬರಲಿ ಅಂತ ಮಾಡಿದ್ದು.

ಆದರೆ ಅದರೊಳಗೆ ಒಂದು ಜಾಣ ಯೋಚನೆ ಇತ್ತು. ಕಂದಾಯವನ್ನ ಹೊಲದ ಮೇಲೆ ಕಟ್ಟಬೇಕು. ರೈತ ಸಾಯ್ತಾನೆ, ಮಾರ್ತಾನೆ, ಬರ ಬಂದರೆ ಊರು ಬಿಡ್ತಾನೆ. ಹೊಲ ಎಲ್ಲಿಗೂ ಹೋಗಲ್ಲ. ಹಾಗಾಗಿ ಹೊಲಕ್ಕೊಂದು ನಂಬರ್ ಕೊಡು, ಮೂಲೆಗೆ ಬಾಂದು ಕಲ್ಲು ನೆಡು, ಮಿಕ್ಕಿದ್ದನ್ನೆಲ್ಲ ಆ ನಂಬರಿಗೆ ಕಟ್ಟು. ನಮ್ಮ ಭಾಷೆಯಲ್ಲಿ ಇದಕ್ಕೆ ಪ್ರೈಮರಿ ಕೀ ಅಂತೀವಿ. ಕೀ ಅಂದ್ರೆ ಬದಲಾಗಬಾರದು, ಒಬ್ಬರದ್ದು ಇನ್ನೊಬ್ಬರಿಗೆ ಇರಬಾರದು, ಯಾವತ್ತೂ ಖಾಲಿ ಇರಬಾರದು. ಕಂಪ್ಯೂಟರ್ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಹಳ್ಳಿಯ ನಕ್ಷೆಯಲ್ಲಿ ಈ ಮೂರೂ ಇದ್ದವು. ಅಣ್ಣತಮ್ಮಂದಿರು ಭಾಗ ಆದಾಗ 45ನೇ ನಂಬರು 45/1, 45/2 ಅಂತ ಹಿಸ್ಸಾ ಆಗುತ್ತೆ, ಅಳೆದು ಪೋಡಿ ಮಾಡಿದ ಮೇಲೆ. ಹಳೇ ನಂಬರು ಅಳಿಸಿಹೋಗಲ್ಲ, ಅದರ ಬಾಲಕ್ಕೆ ಇನ್ನೊಂದು ಸೇರುತ್ತೆ ಅಷ್ಟೆ. ನೀವು ಯಲಹಂಕದಲ್ಲೋ ಥಣಿಸಂದ್ರದಲ್ಲೋ ಫ್ಲಾಟ್ ತಗೊಂಡಿದ್ದರೆ ನಿಮ್ಮ ಕ್ರಯಪತ್ರದ ಷೆಡ್ಯೂಲ್ ತೆಗೆದು ನೋಡಿ. ಹದಿನಾಲ್ಕನೇ ಮಹಡಿಯ ಮನೆಯೂ ಕೊನೆಗೆ ಬಂದು ನಿಲ್ಲೋದು ಯಾವುದೋ ಹಳ್ಳಿಯ ಸರ್ವೆ ನಂಬರಿನ ಮೇಲೇ.

ಲೆಕ್ಕ ಇಡೋರು ಶಾನುಭೋಗರು. ಮೈಸೂರು ಸೀಮೆಯಲ್ಲಿ ಹಿಂದೆ ಲೆಕ್ಕಕ್ಕೆ ಬಳಸ್ತಿದ್ದದ್ದು ಕಡತ. ಬಟ್ಟೆಗೆ ಇದ್ದಿಲು ಮತ್ತು ಹುಣಸೆ ಬೀಜದ ಸರಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯೋರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಇವತ್ತು ಆಫೀಸಿನ ಫೈಲಿಗೆ ಕಡತ ಅಂತೀವಲ್ಲ, ಆ ಪದ ಬಂದಿದ್ದು ಅಲ್ಲಿಂದ. ಬಟ್ಟೆ ಹೋಗಿ ಕಾಗದ ಬಂತು, ಕಾಗದ ಹೋಗಿ ಕಂಪ್ಯೂಟರ್ ಬಂತು. ಹೆಸರು ಹೋಗಲಿಲ್ಲ.

ಲೆಕ್ಕದಲ್ಲಿ ಎರಡು ಪ್ರಶ್ನೆಗೆ ಉತ್ತರ ಬೇಕಿತ್ತು. ‘ಈ ಹೊಲ ಯಾರದ್ದು?’ ಅನ್ನೋದಕ್ಕೆ ಸರ್ವೆ ನಂಬರ್‌ವಾರು ಪಟ್ಟಿ. ‘ಇವನ ಹತ್ತಿರ ಒಟ್ಟು ಎಷ್ಟಿದೆ?’ ಅನ್ನೋದಕ್ಕೆ ಖಾತೆವಾರು ಪಟ್ಟಿ. ಒಂದೇ ಸಂಗತಿ ಎರಡು ಪುಸ್ತಕದಲ್ಲಿ. ಹೊಲ ಮಾರಾಟ ಆದಾಗ ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆತರೆ, ಅಥವಾ ಬೇಕಂತಲೇ ಮರೆತರೆ, ಎರಡು ಪುಸ್ತಕ ಎರಡು ಸತ್ಯ ಹೇಳ್ತವೆ. ಯಾವುದು ನಿಜ ಅಂತ ಗೊತ್ತಿರೋದು ಬರೆದವರಿಗೆ ಮಾತ್ರ. ಶಾನುಭೋಗಿಕೆ ವಂಶಪಾರಂಪರ್ಯದ ಅಧಿಕಾರವಾಗಿತ್ತು. ಅದರ ಅರ್ಧ ಬಲ ಈ ‘ಬರೆದವರಿಗೆ ಮಾತ್ರ ಗೊತ್ತು’ ಅನ್ನೋದರಲ್ಲೇ ಇತ್ತು. ಗ್ರಾಮಾಧಿಕಾರಿಗಳನ್ನ ರದ್ದುಮಾಡೋ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು.

*

ಇದೇ ತಲೆನೋವು ಸಮುದ್ರದಾಚೆ ಇನ್ನೊಂದು ರೂಪದಲ್ಲಿತ್ತು. 1960ರ ದಶಕದ ಕೊನೆಯಲ್ಲಿ ಐಬಿಎಂನ ದೊಡ್ಡ ಡೇಟಾಬೇಸ್ ಅಂದ್ರೆ ಐಎಂಎಸ್. ಚಂದ್ರನ ಮೇಲೆ ಮನುಷ್ಯನನ್ನ ಇಳಿಸಿದ ಅಪೋಲೋ ಯೋಜನೆಯ ಬಿಡಿಭಾಗಗಳ ಪಟ್ಟಿ ಇಡೋಕೆ ಹುಟ್ಟಿದ್ದು. ಅದರಲ್ಲಿ ಮಾಹಿತಿ ಮರದ ಕೊಂಬೆಗಳ ಹಾಗೆ ಇರುತ್ತಿತ್ತು. ಊರು, ಊರಿನ ಕೆಳಗೆ ಹೊಲ, ಹೊಲದ ಕೆಳಗೆ ಒಡೆಯ ಅಂತ ಇಟ್ಟುಕೊಳ್ಳಿ. ‘ಈ ಹೊಲ ಯಾರದ್ದು’ ಅಂದ್ರೆ ಥಟ್ ಅಂತ ಉತ್ತರ. ‘ಇವನ ಹೊಲ ಎಲ್ಲೆಲ್ಲಿದೆ’ ಅಂದ್ರೆ ಎಲ್ಲ ಕೊಂಬೆನೂ ಹತ್ತಿ ಇಳೀಬೇಕು. ಮರವನ್ನ ಹೇಗೆ ನೆಟ್ಟಿದ್ದಾರೆ ಅಂತ ಗೊತ್ತಿರೋ ಪ್ರೋಗ್ರಾಮರ್ ಮಾತ್ರ ಹತ್ತಬಲ್ಲ. ಅವನೇ ಅಲ್ಲಿಯ ಶಾನುಭೋಗ.

ಐಬಿಎಂನ ಸ್ಯಾನ್ ಹೋಸೆ ಲ್ಯಾಬಿನಲ್ಲಿ ಎಡ್ಗರ್ ಕಾಡ್ ಅಂತ ಒಬ್ಬರಿದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ, ಆಮೇಲೆ ಅಮೆರಿಕಕ್ಕೆ ಹೋದ ಗಣಿತದ ಮನುಷ್ಯ. 1970ರ ಜೂನ್‌ನಲ್ಲಿ ಅವರ ಒಂದು ಲೇಖನ ಪ್ರಕಟವಾಯಿತು. ಮಾಹಿತಿ ಒಳಗೆ ಹೇಗೆ ಕೂತಿದೆ ಅನ್ನೋದು ಅದನ್ನ ಕೇಳೋರಿಗೆ ಗೊತ್ತಿರಬೇಕಾಗಿಲ್ಲ, ಗೊತ್ತಿರಬೇಕಾದ ಪರಿಸ್ಥಿತಿ ಇದ್ದರೆ ಅದೇ ದೋಷ ಅನ್ನೋದು ಅದರ ಮೊದಲ ಮಾತು. ಎಲ್ಲವನ್ನೂ ಸರಳ ಟೇಬಲ್‌ಗಳಾಗಿ ಇಡಿ. ಒಂದು ಸಂಗತಿಯನ್ನ ಒಂದೇ ಕಡೆ ಬರೆಯಿರಿ. ಟೇಬಲ್‌ಗಳ ನಡುವಿನ ಸಂಬಂಧವನ್ನ ಕೀಗಳ ಮೂಲಕ ಹೇಳಿ. ಆಮೇಲೆ ಯಾವ ದಿಕ್ಕಿನಿಂದ ಬೇಕಾದರೂ ಪ್ರಶ್ನೆ ಕೇಳಿ. ಕಾಲೇಜಿನಲ್ಲಿ ನಾವೆಲ್ಲ ಉರುಹೊಡೆದ ನಾರ್ಮಲ್ ಫಾರ್ಮ್‌ಗಳ ತಿರುಳು ಇಷ್ಟೇ.

ಐಬಿಎಂಗೆ ತನ್ನದೇ ಐಎಂಎಸ್ ಮಾರಾಟ ಆಗ್ತಿದ್ದ ಕಾಲ. ಹೊಸ ಯೋಚನೆಯನ್ನ ಅದು ನಿಧಾನಕ್ಕೆ ತಗೊಂಡಿತು. ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಶ್ನೆ ಕೇಳೋ ಭಾಷೆ ರೂಪಿಸಿದರು, ಅದೇ ಇವತ್ತಿನ ಎಸ್‌ಕ್ಯೂಎಲ್. 1979ರಲ್ಲಿ ಒರಾಕಲ್ ಮಾರುಕಟ್ಟೆಗೆ ಬಂದು ಐಬಿಎಂಗಿಂತ ಮುಂದೆ ಓಡಿತು. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಲೇಖನ ಬಂದು ಐವತ್ತು ವರ್ಷ ದಾಟಿದೆ. ನಿನ್ನೆ ನಾನು ಬರೆದ ಕ್ವೆರಿ ಅದರ ಮೊಮ್ಮಗು.

*

ಸಂಗತಿಯನ್ನ ಎಲ್ಲಿ ಬರೀಬೇಕು ಅನ್ನೋದು ಕಾಡ್ ಅವರ ಪ್ರಶ್ನೆ. ಬರೀದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮನೆಯಲ್ಲೇ ಕಥೆ ಇದೆ.

ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದು, ಉಳುವವನೇ ಹೊಲದೊಡೆಯ. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿ ವಿಚಾರಣೆ ಮಾಡಬೇಕು. ಉಳ್ತಿದ್ದೆ ಅನ್ನೋದಕ್ಕೆ ಸಾಕ್ಷಿ ಏನು? ಪಹಣಿಯ ಹನ್ನೆರಡನೇ ಕಾಲಂ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಪಹಣಿಯಲ್ಲಿ ಬರೆದಿರೋದು ತಪ್ಪು ಅಂತ ಯಾರಾದರೂ ಸಾಬೀತು ಮಾಡೋವರೆಗೆ ಅದೇ ಸತ್ಯ.

ನಮ್ಮ ತಾತ ಗೇಣಿ ರೈತ. ಅವರ ಹೆಸರನ್ನ ಯಾರೋ ಪುಣ್ಯಾತ್ಮರು ಆ ಕಾಲಂನಲ್ಲಿ ಬರೆದಿದ್ರು. ಜಮೀನು ಸಿಕ್ಕಿತು. ಪಕ್ಕದ ಹೊಲ ಉಳ್ತಿದ್ದವರದ್ದೂ ಅಷ್ಟೇ ವರ್ಷದ ಬೆವರು, ಆದರೆ ಬಾಯಿಮಾತಿನ ಗೇಣಿ. ಕಾಲಂನಲ್ಲಿ ಒಡೆಯರ ಹೆಸರೇ ‘ಸ್ವಂತ’ ಅಂತ ಇತ್ತು. ಅವರಿಗೆ ಸಿಗಲಿಲ್ಲ. ಅವರ ಮಗ ಆಮೇಲೆ ಯಶವಂತಪುರಕ್ಕೆ ಬಂದು ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊತ್ತರು ಅಂತ ಅಪ್ಪ ಹೇಳ್ತಾರೆ. ತಾತನ ಜಮೀನಿನ ದುಡ್ಡಲ್ಲಿ ಅಪ್ಪ ಓದಿಸಿದ್ದಕ್ಕೆ ನಾನು ಬಿಇ ಮಾಡಿದೆ. ಎರಡು ಮನೆಗೂ ಇದ್ದ ವ್ಯತ್ಯಾಸ ಒಂದು ಹಾಳೆಯ ಒಂದು ಚೌಕದಲ್ಲಿದ್ದ ನಾಲ್ಕಕ್ಷರ. ಹಾಗಾಗಿ ಟೇಬಲ್ ಡಿಸೈನ್ ಅಂದ್ರೆ ಬೋರು ಅಂತ ಯಾರಾದರೂ ಅಂದ್ರೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ.

*

ಇನ್ನು ‘ಭೂಮಿ’. ಪಹಣಿಯನ್ನ ಕಂಪ್ಯೂಟರಿಗೆ ಹಾಕೋ ಪ್ರಯತ್ನ ಕರ್ನಾಟಕದಲ್ಲಿ 1991ರ ಹೊತ್ತಿಗೆ ಗುಲ್ಬರ್ಗಾ ಜಿಲ್ಲೆಯಲ್ಲಿ ಶುರುವಾಗಿತ್ತು, ಆದರೆ ಮುಂದಕ್ಕೆ ಹೋಗಿರಲಿಲ್ಲ. 1999ರ ನಂತರ ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಬೆನ್ನು ಹತ್ತಿದರು. ತಂತ್ರಾಂಶ ಮಾಡಿದ್ದು ಎನ್‌ಐಸಿ. ಒಂಬತ್ತು ಸಾವಿರದಷ್ಟು ಗ್ರಾಮ ಲೆಕ್ಕಿಗರ ಹತ್ತಿರ ಇದ್ದ ಪುಸ್ತಕಗಳಿಂದ ಸುಮಾರು 2 ಕೋಟಿ ಪಹಣಿಗಳು, ಸುಮಾರು 67 ಲಕ್ಷ ರೈತರ ಹೆಸರುಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ. ಆಪರೇಟರ್ ಏನು ಮಾಡ್ತಿದ್ದಾನೆ ಅಂತ ರೈತನಿಗೂ ಕಾಣಲಿ ಅಂತ ಅವನ ಕಡೆಗೊಂದು ಪರದೆ. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆದೇಶ.

ಇದರಲ್ಲಿ ನನಗೆ ತುಂಬಾ ಹಿಡಿಸೋದು ಎರಡು ನಿರ್ಧಾರ. ಮೊದಲನೇದು, ಖಾತೆ ಬದಲಾವಣೆಯ ಅರ್ಜಿಗಳನ್ನ ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು ಅನ್ನೋ ನಿಯಮವನ್ನ ಸಾಫ್ಟ್‌ವೇರ್ ಒಳಗೇ ಹಾಕಿದ್ದು. ‘ನಮ್ಮ ಕಡೆಯವರದ್ದು ಮೊದಲು ಮಾಡಿ’ ಅನ್ನೋಕೆ ಜಾಗವೇ ಇಲ್ಲದ ಹಾಗೆ. ಎರಡನೇದು, ಯಾರು ಯಾವ ಬದಲಾವಣೆ ಒಪ್ಪಿದರು ಅನ್ನೋದಕ್ಕೆ ಸಿಬ್ಬಂದಿಯ ಬೆರಳಚ್ಚು. ‘ನಾನು ಮಾಡಿಲ್ಲ, ಪಾಸ್‌ವರ್ಡ್ ಯಾರೋ ಕದ್ದಿದ್ದಾರೆ’ ಅನ್ನೋಕಾಗಲ್ಲ.

ಇನ್ನೊಂದು ಹಳೇ ಗುಣವೂ ಹಾಗೇ ಉಳಿಯಿತು. ಪಹಣಿ ಹೇಳೋದು ಇವತ್ತಿನ ಸ್ಥಿತಿ. ಹತ್ತನೇ ಕಾಲಂನಲ್ಲಿ ಎಂಆರ್ ನಂಬರ್ ಇರುತ್ತೆ, ಅದು ಹಿಡಿದು ಹೋದರೆ ಮ್ಯುಟೇಶನ್ ರಿಜಿಸ್ಟರಿನಲ್ಲಿ ಕ್ರಯವೋ, ವಿಭಾಗವೋ, ಪೌತಿಯೋ, ದಾನವೋ ಅನ್ನೋ ಚರಿತ್ರೆ. ಸ್ಥಿತಿ ಒಂದು ಕಡೆ, ಅದಕ್ಕೆ ಕಾರಣವಾದ ಘಟನೆಗಳು ಇನ್ನೊಂದು ಕಡೆ, ನಡುವೆ ಒಂದು ಕೀ. ಇವತ್ತು ಇದನ್ನೇ ಇವೆಂಟ್ ಸೋರ್ಸಿಂಗ್ ಅಂತ ಹೆಸರಿಟ್ಟು ಕಾನ್ಫರೆನ್ಸುಗಳಲ್ಲಿ ಭಾಷಣ ಮಾಡ್ತಾರೆ. ಹಾಗೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯ ಆದಾಗ ತಹಸೀಲ್ದಾರರಿಗೆ ಹೋಗೋ ಜೆ-ಸ್ಲಿಪ್ ಇದೆಯಲ್ಲ, ಅದು ಎರಡು ಸಿಸ್ಟಮ್‌ಗಳ ನಡುವಿನ ಮೆಸೇಜ್. ಕಾಗದದ ಸ್ಲಿಪ್ ಕಳೆದುಹೋದರೆ ಜಮೀನು ಕೊಂಡವನ ಹೆಸರು ಪಹಣಿಗೆ ಬರುತ್ತಲೇ ಇರಲಿಲ್ಲ. ‘ಭೂಮಿ’ ಮತ್ತು ನೋಂದಣಿಯ ‘ಕಾವೇರಿ’ ಜೋಡಣೆ ಆಗಿದ್ದು ಇಂಥ ರಗಳೆ ತಪ್ಪಿಸೋಕೆ.

ಲೆಕ್ಕದಲ್ಲಿ ಒಂದು ತಮಾಷೆಯೂ ಇದೆ. ಬಿಇ ಕೊನೇ ವರ್ಷದ ಪ್ರಾಜೆಕ್ಟಿಗೆ ನಾನು ಜಮೀನು ದಾಖಲೆಯ ಪುಟ್ಟ ವೆಬ್‌ಸೈಟ್ ಮಾಡಿದ್ದೆ, ಪಿಎಚ್‌ಪಿಯಲ್ಲಿ. ನಮ್ಮದೇ ಎರಡು ಸರ್ವೆ ನಂಬರ್ ಹಾಕಿದೆ, 1.30 ಮತ್ತು 1.20. ಕಂಪ್ಯೂಟರ್ ಕೂಡಿಸಿ 2.50 ಅಂತು. ಅಪ್ಪನಿಗೆ ಹೆಮ್ಮೆಯಿಂದ ತೋರಿಸಿದರೆ ಅಪ್ಪ ನಕ್ಕುಬಿಟ್ರು. ಮೂರು ಎಕರೆ ಹತ್ತು ಗುಂಟೆ ಇರೋದನ್ನ ನಿನ್ನ ಮಿಷಿನ್ನು ಎರಡೂವರೆ ಮಾಡ್ತಲ್ಲೋ ಅಂತ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲವೇ ಅಲ್ಲ. ಒಂದು ಕಾಲಂನಲ್ಲಿ ಏನಿದೆ ಅಂತ ತಿಳಿಯದೆ ಅದಕ್ಕೆ ಟೈಪ್ ಕೊಡಬಾರದು ಅಂತ ನಾನು ಕಲಿತಿದ್ದು ಆವತ್ತು, ಏಳನೇ ಕ್ಲಾಸು ಓದಿದ ಮೇಷ್ಟ್ರಿಂದ.

*

ಈಗ ಫ್ರೇಮ್‌ವರ್ಕ್ ವಿಚಾರಕ್ಕೆ ಬರ್ತೀನಿ. ಮೊದಲ ಕೆಲಸದಲ್ಲಿ ನಾನು ಬರೆದಿದ್ದು ಸ್ಟ್ರಟ್ಸ್‌ನಲ್ಲಿ. ಅದರ ಮೊದಲ ಆವೃತ್ತಿಗೆ 2013ರಲ್ಲಿ ತೆರೆ ಬಿತ್ತು. ಆಮೇಲೆ ಆಂಗ್ಯುಲರ್‌ಜೆಎಸ್. 2010ರಲ್ಲಿ ಬಂದ ಅದನ್ನ ಕಲಿತು ಮುಗಿಸೋ ಹೊತ್ತಿಗೆ, 2016ರಲ್ಲಿ, ಹಳೇದಕ್ಕೆ ಹೊಂದದ ಹೊಸ ಆಂಗ್ಯುಲರ್ ಬಂತು. ಈಗ ರಿಯಾಕ್ಟ್. ಹದಿನಾಲ್ಕು ವರ್ಷದಲ್ಲಿ ನಾನು ಬರೆದ ಪುಟಗಳ ಕೋಡ್ ಬಹುಪಾಲು ಇವತ್ತು ಎಲ್ಲೂ ಓಡ್ತಿಲ್ಲ. ಆದರೆ ಮೊದಲ ವರ್ಷದಲ್ಲಿ ಮಾಡಿದ ಎರಡು ಟೇಬಲ್ ಇನ್ನೂ ಇವೆ ಅಂತ ಹಳೇ ಗೆಳೆಯ ಹೇಳಿದ. ಅದರಲ್ಲೊಂದು ಕಾಲಂಗೆ ನಾನು ಕೊಟ್ಟ ಹೆಸರಿನ ಸ್ಪೆಲ್ಲಿಂಗ್ ತಪ್ಪು. ಅದೂ ಹಾಗೇ ಇದೆಯಂತೆ.

ಫ್ರೇಮ್‌ವರ್ಕ್ ಬೇಡ ಅಂತ ನಾನು ಹೇಳ್ತಿಲ್ಲ. 2004ರಲ್ಲಿ ರೈಲ್ಸ್, 2005ರಲ್ಲಿ ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕಾ ಕಚೇರಿಯಿಂದ ಹೊರಬಂದ ಜಾಂಗೋ, ಇವು ತಿಂಗಳ ಕೆಲಸವನ್ನ ವಾರಕ್ಕೆ ಇಳಿಸಿದವು. ಟೇಬಲ್ ರಚನೆಯ ಪ್ರತಿ ಬದಲಾವಣೆಯನ್ನ ಸಾಲಾಗಿ ಬರೆದಿಡೋ ಮೈಗ್ರೇಶನ್ ಅಭ್ಯಾಸ ನಮ್ಮಂಥವರಿಗೆಲ್ಲ ಹತ್ತಿದ್ದು ರೈಲ್ಸ್‌ನಿಂದ. ಆದರೆ ರೈಲ್ಸ್ ಮಾಡಿದ ಡೇವಿಡ್ ಹೈನೆಮಿಯರ್ ಹ್ಯಾನ್ಸನ್ ಇನ್ನೊಂದು ವಾದವನ್ನೂ ಮಾಡಿದರು. ಡೇಟಾಬೇಸ್ ಬರೀ ಉಗ್ರಾಣ, ಬುದ್ಧಿಯೆಲ್ಲ ಅಪ್ಲಿಕೇಶನ್‌ನಲ್ಲಿ ಇರಲಿ ಅಂತ. ಒಂದೇ ಅಪ್ಲಿಕೇಶನ್, ಒಂದೇ ಟೀಮು, ಯಾವತ್ತೂ ಬದಲಾಗದ ಫ್ರೇಮ್‌ವರ್ಕ್ ಇದ್ದರೆ ಅದು ಸರಿ. ಹಾಗಿರೋ ಕಡೆ ನಾನು ಇನ್ನೂ ಕೆಲಸ ಮಾಡಿಲ್ಲ.

ಹಿಂದೆ ಒಂದು ವಿಮೆಯ ಪ್ರಾಜೆಕ್ಟಿನಲ್ಲಿದ್ದೆ. ಪಾಲಿಸಿಗೆ ನಾಮಿನಿ ಹೆಸರು ಕಡ್ಡಾಯ. ಆ ನಿಯಮ ಇದ್ದಿದ್ದು ಹಳೇ ಸ್ಟ್ರಟ್ಸ್ ಫಾರ್ಮಿನ ಕೋಡಿನಲ್ಲಿ. ಟೇಬಲ್ಲಿನಲ್ಲಿ ಆ ಕಾಲಂ ಖಾಲಿ ಬಿಡಬಹುದಾಗಿತ್ತು, ಯಾಕಂದ್ರೆ ‘ಫಾರ್ಮ್ ನೋಡ್ಕೊಳ್ಳುತ್ತೆ’. ನಾವು ಆಂಗ್ಯುಲರ್‌ಜೆಎಸ್‌ನಲ್ಲಿ ಹೊಸ ಫಾರ್ಮ್ ಮಾಡಿದೆವು. ಚೆನ್ನಾಗಿತ್ತು, ಮೊಬೈಲಲ್ಲೂ ಓಡ್ತಿತ್ತು. ಆ ಒಂದು ನಿಯಮ ಬರೆಯೋದು ಮರೆತೆವು. ಮರೆತವನು ನಾನೇ. ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಪಾಲಿಸಿದಾರರೊಬ್ಬರು ತೀರಿಹೋಗಿ ಅವರ ಹೆಂಡತಿ ಬಂದಾಗ. ಆಕೆ ವಾರಸುದಾರಳು ಅಂತ ಕಾಗದ ಪತ್ರ ತರೋಕೆ ತಿಂಗಳುಗಳೇ ಅಲೆದರು. ಡೇಟಾಬೇಸಿನಲ್ಲಿ ‘ನಾಟ್ ನಲ್’ ಅನ್ನೋ ಎರಡು ಪದ ಇದ್ದಿದ್ದರೆ ನಮ್ಮ ಹೊಸ ಫಾರ್ಮು ಮೊದಲ ದಿನವೇ ಮುಗ್ಗರಿಸಿ ಬೀಳ್ತಿತ್ತು. ಬೀಳಬೇಕಾಗಿತ್ತು.

ಅವತ್ತಿನಿಂದ ನನ್ನದೊಂದು ಪಾಠ. ಬಣ್ಣ, ಬಟನ್, ಪುಟಗಳ ದಾರಿ, ಇವೆಲ್ಲ ಫ್ರೇಮ್‌ವರ್ಕಿಗೆ ಬಿಡಿ. ಯಾವುದು ಸುಳ್ಳಾದರೆ ಮನುಷ್ಯರಿಗೆ ತೊಂದರೆ ಆಗುತ್ತೋ ಅಂಥ ನಿಯಮವನ್ನ ಡೇಟಾಬೇಸಿನಲ್ಲೂ ಬರೆಯಿರಿ. ಅದು ಪ್ರೈಮರಿ ಕೀ ಆಗಿರಬಹುದು, ಫಾರಿನ್ ಕೀ, ಯುನೀಕ್, ಚೆಕ್ ಆಗಿರಬಹುದು. ಜೇಸನ್‌ಗೂ ಜಾಗ ಇದೆ, ಪೋಸ್ಟ್‌ಗ್ರೆಸ್ ಅದನ್ನ ಚೆನ್ನಾಗೇ ಸಾಕುತ್ತೆ. ಆದರೆ ಯಾರ ಹಕ್ಕು ಎಷ್ಟು ಅನ್ನೋದನ್ನ ಜೇಸನ್ ಗೋಣಿಚೀಲದಲ್ಲಿ ತುಂಬಿದರೆ, ಚೀಲ ಬಿಚ್ಚೋಕೆ ಬರೋನು ಒಬ್ಬನೇ ಆಗ್ತಾನೆ. ಮತ್ತೆ ಶಾನುಭೋಗಿಕೆ.

*

ಟೇಬಲ್ ಸರಿಯಾಗಿದ್ದರೆ ಎಲ್ಲ ಸರಿಯಾಗುತ್ತೆ ಅಂತಲೂ ಅಲ್ಲ. ‘ಭೂಮಿ’ ಬಂದ ಕೆಲವೇ ವರ್ಷಕ್ಕೆ, 2007ರಲ್ಲಿ, ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಅದರ ಮೇಲೆ ಖಡಕ್ ಟೀಕೆ ಬರೆದರು. ದಾಖಲೆ ಒಂದೇ ಕಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ಕೊಳ್ಳುವವರಿಗೆ ಜಮೀನು ಹುಡುಕಿ ಹಿಡಿಯೋದು ಸಲೀಸಾಯಿತು, ಸಣ್ಣ ರೈತ ಊರಲ್ಲೇ ಮಾತಾಡಿ ಬಗೆಹರಿಸಿಕೊಳ್ತಿದ್ದ ದಾರಿಗಳು ಮುಚ್ಚಿದವು ಅನ್ನೋದು ಅವರ ವಾದ. ಮರುವರ್ಷವೇ, 2008ರ ಮೇನಲ್ಲಿ, ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಹೆಬ್ಬಾಳದಿಂದ ಆಚೆಗಿನ ಹೊಲಗಳಿಗೆ ಏನಾಯಿತು ಅಂತ ನಾವು ದಿನಾ ಬಸ್ಸಿನ ಕಿಟಕಿಯಿಂದ ನೋಡ್ತೀವಿ. ಯಾವ ದಿಕ್ಕಿನಿಂದ ಬೇಕಾದರೂ ಪ್ರಶ್ನೆ ಕೇಳಬಹುದು ಅಂದಮೇಲೆ ಎಲ್ಲರೂ ಕೇಳ್ತಾರೆ, ದುಡ್ಡಿರೋರು ಮೊದಲು ಕೇಳ್ತಾರೆ. ಇದಕ್ಕೆ ನನ್ನ ಹತ್ತಿರ ತಾಂತ್ರಿಕ ಉತ್ತರ ಇಲ್ಲ. ಕತ್ತಲೆಯಲ್ಲಿದ್ದ ಪುಸ್ತಕವೂ ಬಡವನ ಕಡೆ ಇರಲಿಲ್ಲ ಅನ್ನೋದಷ್ಟೇ ಗೊತ್ತು. ಪಕ್ಕದ ಹೊಲದವರನ್ನ ಕೇಳಿದರೆ ಹೇಳ್ತಾರೆ.

ಇನ್ನೊಂದು ಕೊರತೆ ಹಾಳೆಯಲ್ಲೇ ಕಾಣುತ್ತೆ. ಹೊಲಕ್ಕೆ ಗಟ್ಟಿಯಾದ ನಂಬರಿದೆ. ಮನುಷ್ಯನಿಗೆ ಇರೋದು ‘ಇಂಥವನು ಬಿನ್ ಇಂಥವನು’, ಹೆಂಗಸಾದರೆ ‘ಕೋಂ ಇಂಥವನು’. ಒಂದೇ ಊರಲ್ಲಿ ಒಂದೇ ಹೆಸರಿನ ಮೂವರಿದ್ದರೆ, ಅಪ್ಪಂದಿರ ಹೆಸರೂ ಒಂದೇ ಆಗಿದ್ದರೆ? ಹೊಲಗಳ ಟೇಬಲ್ ಮಾಡಿದ ಬ್ರಿಟಿಷರಿಗೆ ಮನುಷ್ಯರ ಟೇಬಲ್ ಬೇಕಿರಲಿಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸೋಕೆ ಹೊರಟಿದ್ದು ಆ ಜಾಗ ತುಂಬೋಕೆ. ಅದು ಶುರುವಾದ ಮೇಲೇ ಎಷ್ಟೋ ಮನೆಗಳಲ್ಲಿ, ನಮ್ಮ ಮನೆಯಲ್ಲೂ, ಪಹಣಿಯಲ್ಲಿರೋ ಮನುಷ್ಯ ಬದುಕಿಲ್ಲ ಅನ್ನೋದು ಲೆಕ್ಕಕ್ಕೆ ಬಂತು.

*

ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಅಪ್ಪ ಚೀಲದಿಂದ ವಂಶವೃಕ್ಷದ ಕರಡು ತೆಗೆದರು. ಮೇಲೆ ತಾತ, ಅಜ್ಜಿ, ಇಬ್ಬರ ಪಕ್ಕದಲ್ಲೂ ‘ಮರಣ’. ಕೆಳಗೆ ಎರಡು ಗೆರೆ, ಅಪ್ಪ ಮತ್ತು ಚಿಕ್ಕಪ್ಪ.

“ಅತ್ತೆ ಎಲ್ಲಿ?” ಅಂದೆ.

“ಅವ್ಳಿಗೆ ಮದ್ವೆ ಮಾಡಿ ಕೊಟ್ಟಾಯ್ತಲ್ಲ. ಅವ್ಳೇನೂ ಕೇಳಿಲ್ಲ.”

ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡೋ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನ ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ ಹೇಳಿತು. ಇದೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಇದು ಗೊತ್ತಿಲ್ಲದೇ ಏನಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತು. ಆದರೂ ಕಾನೂನು ಪುಸ್ತಕದಲ್ಲಿರೋ ಹಕ್ಕು ಪಹಣಿಗೆ ಬರೋಕೆ ಮಧ್ಯದಲ್ಲಿ ಒಂದು ಕೈಬರಹದ ಹಾಳೆ ಇದೆ. ಅದರಲ್ಲಿ ಗೆರೆ ಎಳೆಯೋದು ಮನೆಯವರು. ಅಲ್ಲಿ ಬಿಟ್ಟುಹೋದ ಹೆಸರನ್ನ ಯಾವ ಡೇಟಾಬೇಸೂ ಕೇಳಲ್ಲ. ಇಲ್ಲದ ಸಾಲಿಗೆ ‘ನಾಟ್ ನಲ್’ ಅನ್ವಯಿಸಲ್ಲ.

ನಾನು ವಾದ ಮಾಡಲಿಲ್ಲ. ಒಂದು ಮಾತು ಮಾತ್ರ ಕೇಳಿದೆ. “ಅಪ್ಪಾ, ಎಪ್ಪತ್ನಾಲ್ಕರಲ್ಲಿ ಪಕ್ಕದ ಹೊಲದೋರೂ ಏನೂ ಕೇಳಿರಲಿಲ್ವಾ?”

ಅಪ್ಪ ಸುಮ್ಮನಾದರು. ಕಾಫಿ ಕುಡಿದು ಬಾಲ್ಕನಿಗೆ ಹೋಗಿ ನಿಂತರು. ಏರ್‌ಫೋರ್ಸ್ ಸ್ಟೇಶನ್ನಿನ ಕಡೆಯಿಂದ ವಿಮಾನವೊಂದು ಸದ್ದು ಮಾಡಿಕೊಂಡು ಹೋಯಿತು. ಒಳಗೆ ಬಂದವರು ಅತ್ತೆಗೆ ಫೋನ್ ಹಚ್ಚು ಅಂದರು. ಅತ್ತೆ ಮೊದಲು ನಕ್ಕರು, “ನಂಗ್ಯಾಕಣ್ಣ ಈ ವಯಸ್ಸಲ್ಲಿ” ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹೆಸ್ರು ಹಾಕ್ಸು. ಅಪ್ಪನ ಹೊಲದ್ ಕಾಗದ್ದಾಗೆ ನನ್ ಹೆಸ್ರು ಇರ್ಲಿ. ಮಿಕ್ಕಿದ್ದು ಆಮೇಲೆ ಮಾತಾಡಣ” ಅಂದರು.

ಚಿಕ್ಕಪ್ಪನನ್ನ ಒಪ್ಪಿಸೋದು ಇನ್ನೂ ಬಾಕಿ ಇದೆ. ಅದು ಸುಲಭ ಇಲ್ಲ. ಆದರೆ ಹೊಸ ಹಾಳೆಯಲ್ಲಿ ತಾತ-ಅಜ್ಜಿಯ ಕೆಳಗೆ ಮೂರು ಗೆರೆ ಇವೆ, ಅಪ್ಪನೇ ಎಳೆದಿದ್ದು.

ಮಾರನೇ ದಿನ ಆಫೀಸಿನಲ್ಲಿ ಆ ಹುಡುಗನನ್ನ ಕರೆದು ಕೂರಿಸಿಕೊಂಡೆ. ಫ್ರೇಮ್‌ವರ್ಕ್ ಯಾವುದು ಬೇಕೋ ನೀನೇ ಆರಿಸು, ನನ್ನ ತಕರಾರಿಲ್ಲ ಅಂದೆ. ಟೇಬಲ್‌ಗಳ ಪಟ್ಟಿ ತೆಗೆದು ಒಂದೊಂದೇ ಕಾಲಂ ಓದೋಕೆ ಶುರು ಮಾಡಿದೆವು. ಇದು ಖಾಲಿ ಇದ್ದರೆ ಯಾರಿಗೆ ತೊಂದರೆ, ಇದು ಎರಡು ಕಡೆ ಇದ್ದರೆ ಯಾವುದು ನಿಜ ಅಂತ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕಾಲಂ ಮುಗಿದಿತ್ತು. ಊಟಕ್ಕೆ ಎದ್ದಾಗ ಅವನು, “ಸರ್, ನಿಮ್ಮೂರಿನ ಪಹಣಿ ಒಂದ್ಸಲ ತೋರಿಸ್ತೀರಾ?” ಅಂತ ಕೇಳಿದ.